ನಡೆದು ಬಂದ ಮನೆ

ಆ ಬಡಗಿಯನ್ನು ಚಿಕ್ಕವರು ದೊಡ್ಡವರೆನ್ನದೆ ಎಲ್ಲರೂ ಮೊಳೆ ಮಾವ ಎಂದೇ ಕರೆಯುತ್ತಿದ್ದರು. ತುಟಿಯಂಚಿಗೆ ನಾಲ್ಕು ಮೊಳೆ ಕಚ್ಚಿಕೊಂಡೇ ಮಾತಾಡುವ ಚಾಳಿ ಅವನದು. ಹಳೆ ಮನೆ ಕೆಡವುವುದೆಂದರೆ ಅವನಿಗೆ ನೀರು ಕುಡಿದಷ್ಟು ಸಲೀಸು. ಹೊಳೆ ದಂಡೆಯ ಹೊಲದ ಮನೆಯ ಅಕ್ಕತಂಗಿಯರು ಹೇಳಿಕಳಿಸಿದಾಗಲೂ ಎರಡು ದಿನದ ಕೆಲಸ ಎಂದುಕೊಂಡೇ ಹೊರಟ.

ಹೊಳೆ ದಿಕ್ಕು ಬದಲಿಸಿತ್ತು. ಹಿತ್ತಿಲನ್ನು ನುಂಗಿ ಕೊಟ್ಟಿಗೆಯ ಮೂಲೆಗೆ ಬಂದು ನಿಂತಿತ್ತು. ವಾಸದ ಮನೆ, ಕಣಜ, ಕೊಟ್ಟಿಗೆ ಮೂರೂ ಒಂದೇ ಮಾಡಿನ ಕೆಳಗೆ, ರೈಲಿನ ಹಾಗೆ ಉದ್ದಕ್ಕೆ ಚಾಚಿಕೊಂಡಿದ್ದವು.

"ದಿಬ್ಬದ ಮೇಲೆ ಹೊಸದು ಕಟ್ಟಿಸ್ತೀವಿ," ಎಂದಳು ಅಕ್ಕ. ಅರವತ್ತು ದಾಟಿದ್ದರೂ ಹೊಲದ ಕೆಲಸ ಬಿಟ್ಟವಳಲ್ಲ. "ಹೊಳೆ ಕೆಡವೋ ಮುಂಚೆ ನೀನೇ ಕೆಡವಿಬಿಡು ಮಾವ. ಗಟ್ಟಿ ಮರ ಇದ್ರೆ ಆರಿಸಿಡು."

ಮೊದಲು ಮೊಳೆಗಳನ್ನು ಕೀಳೋಣವೆಂದು ಅವನು ಇಕ್ಕಳ ಹಿಡಿದು ಅಟ್ಟ ಹತ್ತಿದ. ಒಂದು ಮೂಲೆಯಿಂದ ಇನ್ನೊಂದು ಮೂಲೆಯವರೆಗೆ ತಡಕಿದರೂ ಒಂದೇ ಒಂದು ಮೊಳೆ ಸಿಗಲಿಲ್ಲ. ತೊಲೆಯ ತುದಿಯನ್ನು ನಾಲಿಗೆಯಂತೆ ಕೆತ್ತಿ ಕಂಬದ ತೂತಿಗೆ ತೂರಿಸಿದ್ದರು. ಅದು ಜಾರದಂತೆ ಅಡ್ಡಕ್ಕೊಂದು ಮರದ ಗೂಟ. ಗೋಡೆಯ ಹಲಗೆಗಳೂ ಅಷ್ಟೇ, ಕಂಬಗಳಲ್ಲಿ ಉದ್ದಕ್ಕೆ ಕೊರೆದ ತೋಡಿನೊಳಗೆ ಜಾರಿ ಕೂತಿದ್ದವು.

"ಏನ್ ಮಾವ, ಎಷ್ಟು ಮೊಳೆ ಸಿಕ್ತು?" ಕೆಳಗಿನಿಂದ ತಂಗಿ ಕೂಗಿದಳು.

"ಔಷಧಕ್ಕೂ ಒಂದಿಲ್ಲ ಕಣಮ್ಮ! ಈ ಮನೇಲಿ ನನ್ನ ಹೆಸರಿಗೇ ಮರ್ಯಾದೆ ಇಲ್ಲ."

ನಗುತ್ತಲೇ ಒಂದು ಕಂಬದ ಮಸಿಯನ್ನು ಅಂಗೈಯಿಂದ ಒರೆಸಿದ. ಉಳಿಯಿಂದ ಹೊಡೆದ ಏಳು ಗೀರು ಕಂಡವು. ಅದಕ್ಕೆ ಸೇರಿದ ತೊಲೆಯ ಮೇಲೂ ಏಳು. ಪಕ್ಕದ ಕಂಬಕ್ಕೆ ಎಂಟು, ಅದರ ತೊಲೆಗೂ ಎಂಟು. ಅವನ ನಗು ನಿಂತಿತು. ನಿಂತ ಮನೆಗೆ ಯಾರಾದರೂ ಹೀಗೆ ಗುರುತು ಹಾಕುತ್ತಾರೆಯೇ? ಬಿಚ್ಚಿದ್ದನ್ನು ಮತ್ತೆ ಜೋಡಿಸಬೇಕೆನ್ನುವವರು ಮಾತ್ರ ಹಾಕುತ್ತಾರೆ.

ಲಗುಬಗೆಯಿಂದ ಇಳಿದು ಬಂದ. "ಅಕ್ಕಾ, ಈ ಮನೆ ಇಲ್ಲಿ ಹುಟ್ಟಿದ್ದಲ್ಲ. ಎಲ್ಲಿಂದಲೋ ತಂದು ನಿಲ್ಲಿಸಿದ್ದಾರೆ."

ಅಕ್ಕತಂಗಿ ಮುಖ ಮುಖ ನೋಡಿಕೊಂಡರು. "ಅಜ್ಜಿ ಹೇಳ್ತಿದ್ಲು," ಎಂದಳು ಅಕ್ಕ ಮೆಲ್ಲಗೆ. "ನಮ್ಮನೆ ನಡ್ಕೊಂಡು ಬಂತು ಅಂತ. ಊಟ ಮಾಡಿಸೋಕೆ ಕಟ್ಟಿದ ಕತೆ ಅಂದ್ಕೊಂಡಿದ್ವಿ."

ಮೂವರೂ ಒದ್ದೆ ಬಟ್ಟೆ ಹಿಡಿದು ಸಾಯಂಕಾಲದವರೆಗೂ ಕಂಬಗಳನ್ನು ಒರೆಸಿದರು. ಪ್ರತಿ ಗೀರಿನ ಗುಂಪಿನ ಕೆಳಗೆ ಇನ್ನೊಂದು ಬಗೆಯ ಗುರುತು ಎದ್ದು ಬಂತು: ಉಗುರು ಒತ್ತಿದಂಥ ಬಾಗಿದ ಗಾಯಗಳು, ಸವೆದು ಸವೆದು ಮುಟ್ಟಿದರಷ್ಟೇ ತಿಳಿಯುವಂಥವು. ಬೇರೆ ಕೈ, ಬೇರೆ ಉಳಿ, ಇನ್ನೂ ಹಳೆಯ ಕಾಲ.

"ಎರಡು ಸಲ," ಎಂದ ಬಡಗಿ. ತುಟಿಯ ಮೊಳೆಗಳನ್ನು ತೆಗೆದು ಜೇಬಿಗೆ ಹಾಕಿಕೊಂಡ. "ಎರಡು ಸಲ ನಡೆದಿದೆ ಇದು."

ಹುಟ್ಟಿದಾಗಿನಿಂದ ಬೆನ್ನು ಒರಗಿಸಿಕೊಂಡು ಬಂದ ಕಂಬವನ್ನು ತಂಗಿ ಎರಡೂ ಕೈಯಿಂದ ತಬ್ಬಿ ನಿಂತಳು.

"ಮತ್ತೆ ನಡೆಯುತ್ತಾ?" ಎಂದು ಕೇಳಿದಳು ಅಕ್ಕ.

ಉತ್ತರ ಹುಡುಕಲು ಅವನಿಗೆ ನಾಲ್ಕು ದಿನ ಹಿಡಿಯಿತು. ಕೊನೆಗೆ ನೆತ್ತಿಯ ತೊಲೆಯಲ್ಲಿ, ಉಳಿದವಕ್ಕಿಂತ ಗೇಣುದ್ದ ಹೆಚ್ಚಿದ್ದ ಒಂದು ಗೂಟ ಕಣ್ಣಿಗೆ ಬಿತ್ತು; ಬಿಚ್ಚಲು ಮೊದಲು ಕೀಳಬೇಕಾದ್ದು ಅದನ್ನೇ. ಹೆಂಚು ಇಳಿಸಿ, ಕಂಬಗಳಿಗೆ ಆಸರೆ ಕೊಟ್ಟು, ಉಸಿರು ಬಿಗಿಹಿಡಿದು ಕೊಡತಿಯಿಂದ ಮೂರು ಏಟು ಹಾಕಿದ. ಗೂಟ ಹೊರಬಂತು. ಮಾಡು ಈ ತುದಿಯಿಂದ ಆ ತುದಿಗೆ ದೀರ್ಘವಾಗಿ ನಿಟ್ಟುಸಿರಿಟ್ಟಿತು. ಮುಂದಿನ ಗೂಟ ಬೆರಳಲ್ಲೇ ಬಂತು. ಅದರ ಹಿಂದೆ ಇನ್ನೊಂದು. ಗೀರು ಹಾಕಿದ್ದ ಆ ಹಳೆಯ ಬಡಗಿ ಎಲ್ಲೋ ಮರೆಯಲ್ಲಿ ನಿಂತು ಹೀಗೆ ಮಾಡು, ಈಗ ಹಾಗೆ ಮಾಡು ಎಂದು ಹೇಳಿಕೊಡುತ್ತಿದ್ದಾನೆ ಎಂದು ಮೊಳೆ ಮಾವನಿಗೆ ಅನ್ನಿಸಿತು.

ಹತ್ತೊಂಬತ್ತು ದಿನ ಬಿಚ್ಚಿದ ಮರ ಸಾಗಿಸುತ್ತಾ ಟ್ರ್ಯಾಕ್ಟರು ದಿಬ್ಬ ಹತ್ತಿ ಇಳಿಯಿತು. ಏಳಕ್ಕೆ ಏಳು, ಎಂಟಕ್ಕೆ ಎಂಟು ಸೇರುತ್ತಾ ಹೋದವು. ಎಲ್ಲೂ ಒಂದು ಕೂದಲೆಳೆಯಷ್ಟೂ ತಪ್ಪಲಿಲ್ಲ. ಮುಂಬಾಗಿಲು ಮಾತ್ರ ಅರ್ಧಕ್ಕೆ ಸಿಕ್ಕಿಕೊಂಡಿತು. ಅವನು ಅಂಚು ಹೆರೆಯಲು ಹೊರಟಾಗ ಅಕ್ಕ ಕೈ ಹಿಡಿದಳು.

"ತಡಿ ಮಾವ. ಅಷ್ಟು ದೂರ ನಡ್ಕೊಂಡು ಬಂದಿದೆ, ಕೂತ್ಕೊಳ್ಳಲಿ."

ಮೂರನೆಯ ದಿನ ಬೆಳಿಗ್ಗೆ ಅವನು ಬಾಗಿಲಿಗೆ ಒಂದು ಬೆರಳು ತಾಗಿಸಿದ. ಅದು ಸದ್ದಿಲ್ಲದೆ ತಿರುಗಿ, ಚೌಕಟ್ಟಿನಲ್ಲಿ ನೆಟ್ಟಗೆ ಹೋಗಿ ಕೂತಿತು.