ಮೇಡಮ್ಮೋರ ತಾಟು

ಹಾರ ಹಾಕಲು ಸುವರ್ಣಮ್ಮ ಬಗ್ಗಿದಾಗ, ಪರಶುರಾಮ್ ತಾಯಿಯ ತಲೆ ವಾಲದಂತೆ ಹಿಡಿದುಕೊಂಡ. ಎರ್ರೆಮ್ಮನ ಹೆಣವನ್ನು ಗೋಡೆಗೆ ಒರಗಿಸಿ ಕೂರಿಸಿದ್ದರು. ಬಲಗೈ ಮಣಿಕಟ್ಟಿನ ಮೇಲೆ ಗಂಜಿ ಚೆಲ್ಲಿ ಸುಟ್ಟ ಹಳೆಯ ಗುರುತು ಹಾಗೇ ಇತ್ತು.

"ಸಾಲಿಗೆ ಸೂಟಿ ಕೊಡ್ತೀನಪ್ಪ ಇವತ್ತು," ಎಂದರು ಸುವರ್ಣಮ್ಮ. ಅವರು ಊರ ಶಾಲೆಯ ಮುಖ್ಯ ಶಿಕ್ಷಕಿ. ಹನ್ನೊಂದು ವರ್ಷದಿಂದ ಕಂಪ್ಲಿಯಿಂದ ದಿನಾ ಬಸ್ಸಿನಲ್ಲಿ ಈ ಹಳ್ಳಿಗೆ ಬರುವವರು. ಅಷ್ಟೂ ವರ್ಷ ಅಲ್ಲಿ ಬಿಸಿಯೂಟ ಬೇಯಿಸಿದವಳು ಎರ್ರೆಮ್ಮ. ಆದರೂ ಈ ಕೇರಿಗೆ ಅವರು ಕಾಲಿಟ್ಟದ್ದು ಇದೇ ಮೊದಲು.

"ಬ್ಯಾಡ್ರಿ ಮೇಡಂ," ಎಂದ ಸಂಡೂರಿನ ಗಣಿಯಲ್ಲಿ ಲಾರಿ ಓಡಿಸುವ ಪರಶುರಾಮ್. "ನಿನ್ನಿ ಎದಿ ಹಿಡ್ಕಂಡು ಕುಂತಾಗೂ ಅವ್ವ ನಾಳಿನ ಬ್ಯಾಳಿ ಚಿಂತಿನ ಮಾಡಿದ್ಲು. ಮಕ್ಳು ಮುಂಜಾನಿ ಏನೂ ತಿನ್ನದ ಬರ್ತಾವಂತ. ಅವ್ವನ ಜೋಡಿ ಅಡಿಗಿ ಮಾಡೋ ಜಂಬಕ್ಕ ಸಾಲಿಗೆ ಹೋಗ್ಯಾಳ."

ಸುವರ್ಣಮ್ಮ ಹೆಂಗಸರ ನಡುವೆ ಚಾಪೆಯ ಮೇಲೆ ಕುಳಿತರು. ಎರ್ರೆಮ್ಮನ ಮುಖ ನೋಡಲು ಅವರಿಗೆ ಆಗಲಿಲ್ಲ.

* * *

ನಿಯಮವೇನೋ ಸರಳ. ಮಕ್ಕಳಿಗೆ ಬಡಿಸುವ ಮುಂಚೆ ಶಿಕ್ಷಕರೊಬ್ಬರು ಉಂಡು ನೋಡಿ, ರುಚಿ ಪುಸ್ತಕದಲ್ಲಿ ಬರೆದು ಸಹಿ ಹಾಕಬೇಕು. ಪುಸ್ತಕಕ್ಕೆ ಸಹಿ ಬೀಳದೆ ಎರ್ರೆಮ್ಮ ಸೌಟು ಮುಟ್ಟುತ್ತಿರಲಿಲ್ಲ. ದಿನಾ ಹನ್ನೆರಡೂವರೆಗೆ, ತಟ್ಟೆಯ ಮೇಲೆ ತಟ್ಟೆ ಮುಚ್ಚಿಕೊಂಡು ಬಂದು ಬಾಗಿಲಲ್ಲಿ ನಿಲ್ಲುವಳು.

ಸುವರ್ಣಮ್ಮನಿಗೆ ಸೋಮವಾರ ಒಪ್ಪತ್ತು. ಗುರುವಾರ ಉಪವಾಸ. ಉಳಿದ ದಿನ ಗ್ಯಾಸ್ಟ್ರಿಕ್. ಮಠದ ಸ್ವಾಮಿಗಳೂ ಇಷ್ಟು ನೇಮ ಹಿಡಿದಿರಲಿಕ್ಕಿಲ್ಲ. ನಿಜವಾದ ಕಾರಣ ಎರ್ರೆಮ್ಮನ ಕೇರಿ. ಅದನ್ನು ಅವರು ಎಂದೂ ಬಾಯಿಬಿಟ್ಟು ಹೇಳಲಿಲ್ಲ. ಹೇಳದಿರುವುದನ್ನೇ ತಮ್ಮ ದೊಡ್ಡತನ ಅಂದುಕೊಂಡಿದ್ದರು. 'ರುಚಿ ನೋಡಿದೆ, ಚೆನ್ನಾಗಿದೆ' ಎಂದು ಬರೆದು, ಮುಚ್ಚಿದ ತಟ್ಟೆಯನ್ನು ಮುಚ್ಚಿದ ಹಾಗೇ ಅವಳ ಕೈಗೆ ಕೊಡುತ್ತಿದ್ದರು.

ಒಮ್ಮೆ ಕಿಟಕಿಯಿಂದ ಕಂಡಿತ್ತು. ನೀರಿನ ಟ್ಯಾಂಕಿನ ಹಿಂದೆ ನಿಂತು ಎರ್ರೆಮ್ಮ ಅದೇ ತಟ್ಟೆಯಿಂದ ಗಬಗಬ ಉಣ್ಣುತ್ತಿದ್ದಳು. ಪಾಪ, ಹಸಿವಿರಬೇಕು ಅಂದುಕೊಂಡು ಸುವರ್ಣಮ್ಮ ತಮ್ಮ ಬುತ್ತಿ ಬಿಚ್ಚಿದ್ದರು.

ಇನ್ನೊಂದು ದಿನ ಗಡಿಬಿಡಿಯಲ್ಲಿ ಜಂಬಕ್ಕನೂ ಎರ್ರೆಮ್ಮನೂ ಒಬ್ಬರಿಗೆ ಗೊತ್ತಿಲ್ಲದೆ ಇನ್ನೊಬ್ಬರು ಸಾರಿಗೆ ಉಪ್ಪು ಹಾಕಿಬಿಟ್ಟರು. ಎರ್ರೆಮ್ಮ ಸಹಿ ಹಾಕಿಸಿಕೊಂಡು ಹೊರಬರುವಷ್ಟರಲ್ಲಿ, ತಪಾಸಣೆಗೆ ಬಂದ ಅಧಿಕಾರಿ ಸಾರು ಬಾಯಿಗಿಟ್ಟು ಉಗುಳಿದ್ದರು.

"ಇದನ್ನ ರುಚಿ ನೋಡಿ ಸಹಿ ಮಾಡಿದ್ರಾ ಮೇಡಂ?"

ಎರ್ರೆಮ್ಮ ನಡುವೆ ಬಂದಳು. "ಮೇಡಮ್ಮೋರು ನೋಡಿದಾಗ ಬರೋಬ್ಬರಿ ಇತ್ರಿ ಸಾಹೇಬ್ರ. ಆಮ್ಯಾಲ ನಾನ ಮರ್ತು ಇನ್ನೊಂದು ಹಿಡಿ ಹಾಕೀನಿ."

ಅವಳನ್ನು ಒಂದು ತಿಂಗಳು ಕೆಲಸದಿಂದ ಬಿಡಿಸಿದರು. ಸುವರ್ಣಮ್ಮ ಒಂದು ಮಾತೂ ಆಡಲಿಲ್ಲ. ತಿಂಗಳು ಕಳೆದು ಬಂದವಳು ಏನೂ ನಡೆದೇ ಇಲ್ಲವೆಂಬಂತೆ ತಟ್ಟೆ ಹಿಡಿದು ಬಾಗಿಲಲ್ಲಿ ನಿಂತಿದ್ದಳು.

* * *

"ಮೇಡಂ."

ಸುವರ್ಣಮ್ಮ ತಲೆ ಎತ್ತಿದರು. ಹೊಸ್ತಿಲಲ್ಲಿ ಜಂಬಕ್ಕ. ಕೈಯಲ್ಲಿ ಮುಚ್ಚಿದ ತಟ್ಟೆ, ಕಂಕುಳಲ್ಲಿ ರುಚಿ ಪುಸ್ತಕ.

"ಮಕ್ಳು ಸಾಲಾಗಿ ಕುಂತಾವ್ರಿ. ನೀವು ರುಚಿ ನೋಡದ ಹೆಂಗ ಬಡಿಸ್ಲಿ?"

"ಸಾವಿನ ಮನ್ಯಾಗ ಏನವ್ವ ಇದು?" ಎಂದಳು ಮೂಲೆಯಲ್ಲಿದ್ದ ಹುಸೇನಮ್ಮಜ್ಜಿ. "ಹೆಣ ಎತ್ತೋ ತನಕ ಇಲ್ಲಿ ಯಾರೂ ನೀರೂ ಮುಟ್ಟಂಗಿಲ್ಲ. ಮೇಡಮ್ಮೋರು ಸಹಿ ಹಾಕಿ ಕೊಡ್ತಾರ, ತಗಂಡು ಹೋಗು."

ಹನ್ನೊಂದು ವರ್ಷ ಹುಡುಕಿ ಹುಡುಕಿ ಹೇಳಿದ ನೆಪಗಳಲ್ಲಿ ಇಷ್ಟು ಗಟ್ಟಿಯಾದದ್ದು ಒಂದೂ ಇರಲಿಲ್ಲ. ಈಗ ಅದು ಕೇಳದೆಯೇ ಸಿಕ್ಕಿತ್ತು. ಸುವರ್ಣಮ್ಮನ ಕೈ ಪೆನ್ನಿನ ಕಡೆ ಹೋಯಿತು. ಹೋದದ್ದು ಅಲ್ಲೇ ನಿಂತಿತು.

"ಕೊಡು ಇಲ್ಲಿ," ಎಂದರು.

ತಟ್ಟೆ ತೆಗೆದುಕೊಂಡು ಅಂಗಳಕ್ಕೆ ಬಂದು, ಬೇವಿನ ನೆರಳಲ್ಲಿ ನೆಲದ ಮೇಲೆ ಕುಳಿತರು. ಅನ್ನದಿಂದ ಇನ್ನೂ ಹಬೆ ಏಳುತ್ತಿತ್ತು. ಕಲಸಿದರು. ಒಂದು ತುತ್ತು ಉಂಡರು. ಇನ್ನೊಂದು ಉಂಡರು. ಬಾಗಿಲೊಳಗಿಂದ ಪರಶುರಾಮ್ ನೋಡುತ್ತಿದ್ದ.

ಜಂಬಕ್ಕ ಎದುರಿಗೆ ಕುಕ್ಕರಗಾಲಲ್ಲಿ ಕುಳಿತಳು. "ಎರ್ರೆಮ್ಮಕ್ಕನ ಕೈರುಚಿ ಬಂದೈತೇನ್ರಿ? ನಂದು ನನಗ ತಿಳೀವಲ್ದು. ನಿಮಗ ಗೊತ್ತಾಗ್ತೈತಿ."

ಎತ್ತಿದ ತುತ್ತನ್ನು ಸುವರ್ಣಮ್ಮ ತಟ್ಟೆಗೇ ಇಳಿಸಿದರು.

"ದಿನಾ ಖಾಲಿ ತಾಟು ತಂದು ತೋರಸ್ತಿದ್ಲ್ರಿ ಆಕಿ," ಎಂದಳು ಜಂಬಕ್ಕ. "'ನೋಡಲೇ ಜಂಬಿ, ಮೇಡಮ್ಮೋರು ಒಂದಗಳೂ ಬಿಟ್ಟಿಲ್ಲ' ಅಂತಿದ್ಲು. ಊರ ಮಂದಿ ತಮ್ಮ ಮಕ್ಳನ್ನ ನಮ್ಮ ಕೈ ಊಟಕ್ಕ ಬಿಟ್ಟಿದ್ದು ಆ ಮಾತು ಕೇಳಿನ."

ನೀರಿನ ಟ್ಯಾಂಕಿನ ಹಿಂದೆ ಎರ್ರೆಮ್ಮ ಯಾಕೆ ಅಷ್ಟು ಅವಸರದಲ್ಲಿ ಉಣ್ಣುತ್ತಿದ್ದಳೆಂದು ಸುವರ್ಣಮ್ಮನಿಗೆ ಈಗ ತಿಳಿಯಿತು. ಕಣ್ಣು ತುಂಬಿ ಬಂತು.

"ನನಗ ಗೊತ್ತಿಲ್ಲ ಜಂಬಕ್ಕ," ಎಂದರು. "ಆಕಿ ಕೈ ಊಟ ನಾ ಒಂದಿನಾನೂ ಉಂಡಿಲ್ಲ."

ಜಂಬಕ್ಕ ಕಂಕುಳಲ್ಲಿದ್ದ ಪುಸ್ತಕ ಬಿಚ್ಚಿ ಮುಂದಿಟ್ಟಳು. "ಬರೀರಿ. ಮಕ್ಳು ಹಸದಾವ."

ಅಂದಿನ ಸಾಲು ಖಾಲಿಯಿತ್ತು. ಅದರ ಮೇಲೆ ನಿನ್ನೆಯದು, ಮೊನ್ನೆಯದು, ಅದರ ಹಿಂದಿನದು, ಎಲ್ಲ ಅವರದೇ ಅಕ್ಷರ, ಎಲ್ಲೂ ಒಂದು ಕಲೆಯಿಲ್ಲ. ಗಾಳಿಗೆ ಹಾಳೆ ಹಾರಿತು. ಸುವರ್ಣಮ್ಮ ಕೈ ತೊಳೆದಿರಲಿಲ್ಲ. ಹಾಗೇ ಒತ್ತಿ ಹಿಡಿದರು. ಬೆರಳು ತೆಗೆದಾಗ ಖಾಲಿ ಸಾಲಿನ ಮೇಲೆ ಸಾರಿನ ಹಳದಿ ಹೆಬ್ಬೆಟ್ಟು ಮೂಡಿತ್ತು.