ತೀರಿಕೊಂಡವಳ ಹೆಸರಿಗೆ

ಆಸ್ಪತ್ರೆಯ ನೆಲಮಾಳಿಗೆಯಲ್ಲಿ, ಬಟ್ಟೆ ಒಗೆಯುವ ವಿಭಾಗಕ್ಕೂ ಔಷಧಿ ಉಗ್ರಾಣಕ್ಕೂ ನಡುವೆ, ಕಿಟಕಿಯೇ ಇಲ್ಲದ ಒಂದು ಉದ್ದನೆಯ ಕೋಣೆಯಿತ್ತು. ಹತ್ತೊಂಬತ್ತು ವರ್ಷದಿಂದ ಅದನ್ನು ನೋಡಿಕೊಳ್ಳುತ್ತಿದ್ದವಳನ್ನು ಎಲ್ಲರೂ ಕಾಗದದಕ್ಕ ಎನ್ನುತ್ತಿದ್ದರು. ತಪಾಸಣೆಗೆ ಬನ್ನಿ, ಆಪರೇಷನ್ನಿಗೆ ಇಂಥ ದಿನ, ನಿಮ್ಮ ರಕ್ತದ ವರದಿ ಹೀಗಿದೆ ಎಂದು ಆಸ್ಪತ್ರೆ ಯಾರಿಗೆ ಏನು ಬರೆದರೂ ಅದು ಅವಳ ಕಣ್ಣ ಮುಂದೆ ಹಾದೇ ಅಂಚೆಗೆ ಹೋಗಬೇಕು. ದಿನಕ್ಕೆ ಮೂರು ಸಾವಿರಕ್ಕೆ ಕಮ್ಮಿಯಿಲ್ಲ.

ಹಾಗಂತ ಒಂದಕ್ಷರವನ್ನೂ ಅವಳು ಬರೆಯುತ್ತಿರಲಿಲ್ಲ. ಅದೆಲ್ಲ ಸಿಸ್ಟಮ್ಮಿನ ಕೆಲಸ. ಆಯಾ ವಿಭಾಗದ ಕಂಪ್ಯೂಟರಿನಿಂದ ಹೆಸರು, ವಿಳಾಸ, ತಾರೀಖು ಬರುತ್ತಿದ್ದವು. ಮೊದಲೇ ಬರೆದಿಟ್ಟ ನಮೂನೆಯ ಖಾಲಿ ಜಾಗಗಳಲ್ಲಿ ತಾವಾಗಿ ಹೋಗಿ ಕೂರುತ್ತಿದ್ದವು. ಸಿದ್ಧವಾದ ಕಾಗದ ಸರತಿಯಲ್ಲಿ ನಿಂತು ಪ್ರಿಂಟರಿಗೆ ಇಳಿಯುತ್ತಿತ್ತು. ಮಡಿಸುವ ಯಂತ್ರ ಅದನ್ನು ಮೂರು ಮಡಿಕೆ ಮಾಡಿ ಲಕೋಟೆಗೆ ತುರುಕಿ ಅಂಟಿಸುತ್ತಿತ್ತು. ಕಾಗದದಕ್ಕನ ಪಾಲಿಗೆ ಉಳಿದದ್ದು ಹಾಳೆ ತುಂಬುವುದು, ಮಸಿ ಬದಲಿಸುವುದು, ಸಿಕ್ಕಿಬಿದ್ದದ್ದನ್ನು ಬಿಡಿಸುವುದು. "ನಾನು ಬರೀ ಬಾಣಂತನ ಮಾಡೋಳಪ್ಪ, ಬಸಿರಿಗೆ ಕಾರಣ ಬೇರೆಯವರು" ಅಂತ ನಗುತ್ತಿದ್ದಳು.

ಒಂದು ಮಧ್ಯಾಹ್ನ ಬಸ್ ಡ್ರೈವರಿನ ಸಮವಸ್ತ್ರದಲ್ಲಿದ್ದ ಒಬ್ಬ ಮನುಷ್ಯ ಆ ಕೋಣೆಗೆ ಬಂದ. ಮೇಲಿನ ನಾಲ್ಕು ಕಿಟಕಿಗಳಲ್ಲಿ ವಿಚಾರಿಸಿ, ಎಲ್ಲರೂ ಕೈ ಝಾಡಿಸಿದ ಮೇಲೆ ಇಳಿದು ಬಂದಿದ್ದ. ಕೈಯಲ್ಲಿ ಮೂರು ಕಾಗದ.

"ಇವನ್ನ ಕಳಿಸೋರು ನೀವೇನಾ?"

ಕಾಗದದಕ್ಕ ಓದಿದಳು. ಥೈರಾಯ್ಡ್ ವಿಭಾಗದ್ದು. 'ತಾವು ಹಿಂದಿನ ತಪಾಸಣೆಗೆ ಬಾರದಿರುವುದು ನಮ್ಮ ಗಮನಕ್ಕೆ ಬಂದಿದೆ. ದಯವಿಟ್ಟು ಈ ಸಲ ತಪ್ಪದೆ ಬನ್ನಿ.' ಹೆಂಗಸಿನ ಹೆಸರಿತ್ತು.

"ನನ್ನ ಹೆಂಡತಿ" ಎಂದ ಡ್ರೈವರ್. "ಇದೇ ಆಸ್ಪತ್ರೇಲಿ, ನಾಕು ತಿಂಗಳ ಹಿಂದೆ ತೀರಿಕೊಂಡಳು."

ಅವಳು ಕುರ್ಚಿ ಎಳೆದು ಕೊಟ್ಟಳು. ಅವನು ಕೂರಲಿಲ್ಲ.

"ನನ್ನೊಬ್ಬನ ಪಾಡಾಗಿದ್ರೆ ಹರಿದು ಬಿಸಾಕ್ತಿದ್ದೆ ಅಕ್ಕಾ. ಮನೇಲಿ ಅತ್ತೆ ಇದಾರೆ, ಅವಳ ತಾಯಿ. ಮರೆವಿನ ಕಾಯಿಲೆ. ಬೆಳಗ್ಗೆ ಹೇಳಿದ್ದು ಸಂಜೆಗಿಲ್ಲ. ಆದ್ರೆ ಟೀಚರಾಗಿದ್ದವರು, ಓದೋದೊಂದು ಮರೆತಿಲ್ಲ. ಅಂಚೆ ಹನ್ನೊಂದಕ್ಕೆ ಬರುತ್ತೆ, ನನ್ನ ಡ್ಯೂಟಿ ಮುಗಿಯೋದು ಒಂದಕ್ಕೆ. ಕಾಗದ ಓದಿ, ಮಗಳಿಗೆ ಆಸ್ಪತ್ರೆಗೆ ಹೋಗೋದಿದೆ ಅಂತ ತಲೆ ಬಾಚಿ, ಒಳ್ಳೆ ಬಟ್ಟೆ ಹಾಕಿ ರೆಡಿಯಾಗಿ ಕೂತಿರ್ತಾರೆ. ನಾನು ಹೋಗಿ ಹೇಳ್ಬೇಕು, ಅವಳಿಲ್ಲ ಅಂತ. ಪ್ರತಿ ಸಲಾನೂ ಅವರಿಗದು ಹೊಸ ಸುದ್ದಿ. ಮೊದಲ್ನೇ ದಿನ ಹೇಗೆ ಅತ್ತರೋ ಹಾಗೇ ಅಳ್ತಾರೆ."

"ಏನಾದ್ರೂ ಸುಳ್ಳು ಹೇಳಿ..."

"ಹೇಳಿ ನೋಡಿದೆ. ಕಾಗದ ಹಿಡ್ಕೊಂಡು ಒಬ್ರೇ ಬೀದಿಗೆ ಹೊರಟುಬಿಟ್ರು. ಬಾಗಿಲಲ್ಲಿ ಕಾಗದ ಹಾಕೋ ಕಿಂಡಿಗೆ ಹಲಗೆ ಹೊಡೆದೆ. ಅಂಚೆಯವನು ಬಾಗಿಲು ತಟ್ಟಿ ಕೈಗೇ ಕೊಟ್ಟು ಹೋದ, ಒಳ್ಳೆ ಮನುಷ್ಯ. ಅಂಚೆ ಕಚೇರೀಲಿ ಕೇಳಿದ್ರೆ, ಕಾಗದ ಯಾರ ಹೆಸರಿಗಿದೆಯೋ ಅವರೇ ಬಂದು ಬೇಡ ಅಂತ ಬರೆದುಕೊಡ್ಬೇಕಂತೆ." ಅವನು ನಗಲು ಹೋಗಿ ನಿಲ್ಲಿಸಿದ. "ಮೂರು ಸಲ ಹೇಳಿದೀನಿ ಅಕ್ಕಾ. ಇನ್ನೊಂದು ಸಲ ನನ್ನ ಕೈಲಾಗಲ್ಲ."

"ಇನ್ನೊಂದು ಬರಲ್ಲ. ನಾನಿದೀನಿ, ಹೋಗಿ" ಎಂದಳು ಕಾಗದದಕ್ಕ. ಒಂದು ಹೆಸರು ತಾನೇ, ಅದೇನು ಮಹಾ ಅನ್ನಿಸಿತ್ತು ಅವಳಿಗೆ.

ನಾಲ್ಕನೇ ಮಹಡಿಯಲ್ಲಿ ಸಿಸ್ಟಮ್ ನೋಡಿಕೊಳ್ಳುವವನಿದ್ದ. ಸಿಸ್ಟಮ್ ಸಾಹೇಬ ಅಂತ ಅವಳೇ ಇಟ್ಟ ಹೆಸರು. ಕೆಟ್ಟವನಲ್ಲ. ತಕ್ಷಣ ಹುಡುಕಿ ತೆಗೆದ.

"ವಾರ್ಡಿನ ಪಟ್ಟೀಲಿ ತೀರಿಕೊಂಡಿದಾರೆ ಅಂತಿದೆ. ಥೈರಾಯ್ಡ್ ವಿಭಾಗದ ಪಟ್ಟೀಲಿ ಅವರಿಗೆ ಬೇರೆ ನಂಬರು. ಅಲ್ಲಿ ಇನ್ನೂ ಬದುಕಿದಾರೆ."

"ಅಲ್ಲಿಂದ ತೆಗೆದುಹಾಕು ಮತ್ತೆ."

"ತೆಗೀಬಹುದು. ಬೆಳಗಾಗೋದ್ರೊಳಗೆ ಹಳೇ ಪಟ್ಟಿಯಿಂದ ವಾಪಸ್ ತುಂಬಿಕೊಳ್ಳುತ್ತೆ. ಎರಡು ನಂಬರು ಒಂದೇ ಮನುಷ್ಯರದ್ದು ಅಂತ ಸೇರಿಸೋ ಅಧಿಕಾರ ಸಿಸ್ಟಮ್ ಮಾಡಿದ ಕಂಪನಿಯವರಿಗೆ ಮಾತ್ರ. ಅವರು ಮುಟ್ಟೋದು ಮೂರು ತಿಂಗಳಿಗೊಂದು ಸಲ. ಈ ಸಲದ್ದು ಹೋದ ವಾರ ತಾನೇ ಮುಗೀತು."

"ಅಲ್ಲಿ ತನಕ ಆ ಮುದುಕಿಯ ಗತಿ?"

"ಅರ್ಜಿ ಹಾಕಿದೀನಿ ಅಕ್ಕಾ. ನೀವು ನಂಬ್ತೀರೋ ಇಲ್ವೋ, ಸಿಸ್ಟಮ್ಮಿನ ಯಾವ ಭಾಗದಲ್ಲೂ ತಪ್ಪಿಲ್ಲ. ಎಲ್ಲಾ ಅದರದರ ಕೆಲಸ ಸರಿಯಾಗೇ ಮಾಡ್ತಿವೆ."

ಥೈರಾಯ್ಡ್ ವಿಭಾಗಕ್ಕೆ ಹೋದರೆ, ಕಾಗದ ಕಳಿಸುವುದು ನೆಲಮಾಳಿಗೆಯಲ್ಲವೇ ಎಂದರು. ದಾಖಲೆ ವಿಭಾಗದವರು, ಮರಣಪತ್ರ ತಂದುಕೊಟ್ಟರೆ ವಾರ್ಡಿನ ಪಟ್ಟಿಯಲ್ಲಿ ತೀರಿಕೊಂಡಿದ್ದಾರೆಂದು ಬರೆಯುತ್ತೇವೆ ಎಂದರು. ಅಲ್ಲಿ ಆಗಲೇ ಬರೆದಾಗಿದೆ ಎಂದಳು. ಹಾಗಿದ್ದರೆ ನಮ್ಮ ಕೆಲಸ ಮುಗಿದಿದೆಯಲ್ಲ ಎಂದರು. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು. ಡ್ರೈವರಿಗೆ ಮಾತು ಕೊಟ್ಟ ತನ್ನ ಬಾಯಿಯನ್ನೇ ಅವಳು ಬೈದುಕೊಂಡಳು.

ಥೈರಾಯ್ಡ್ ವಿಭಾಗದ ಕಾಗದಗಳು ಬರುವುದು ತಿಂಗಳ ಮೊದಲ ಮಂಗಳವಾರ. ಅವತ್ತು ಅವಳು ಊಟಕ್ಕೂ ಏಳದೆ ಪ್ರಿಂಟರಿನ ಬಾಯಲ್ಲೇ ನಿಂತಳು. ಎರಡು ಗಂಟೆಗೆ ಆ ಹೆಸರು ಇಳಿಯಿತು. ಬಿಸಿ ಹಾಳೆಯನ್ನು ಎಳೆದು, ನಾಲ್ಕಾಗಿ ಮಡಿಸಿ ಜೇಬಿಗಿಟ್ಟುಕೊಂಡಳು. ಅಷ್ಟೇ. ಎದೆ ಹಗುರಾಯಿತು.

ಮಡಿಸುವ ಯಂತ್ರ ಪ್ರತಿ ಹಾಳೆಯ ಅಂಚಿನ ಕಪ್ಪು ಗೆರೆಗಳನ್ನು ಓದಿ ಎಣಿಸಿಕೊಳ್ಳುತ್ತದೆ. ಒಂದು ಕಮ್ಮಿಯಾದರೆ, ಹರಿದಿರಬೇಕು ಅಂದುಕೊಂಡು ತಾನೇ ಮತ್ತೆ ಕೇಳಿ ತರಿಸಿಕೊಳ್ಳುತ್ತದೆ. ಐದು ವರ್ಷದ ಹಿಂದೆ ಯಂತ್ರ ಬಂದಾಗ, ಎಂಥ ಚೂಟಿ ಅಂತ ಇದೇ ಗುಣವನ್ನು ಅವಳು ಊರಿಗೆಲ್ಲ ಹೊಗಳಿದ್ದಳು. ಗಾಬರಿಯಲ್ಲಿ ಅದೇ ಮರೆತಿತ್ತು. ಎರಡು ನಿಮಿಷಕ್ಕೆ ಅದೇ ಕಾಗದ ಮತ್ತೆ ಇಳಿಯಿತು.

ಅವಳು ಅದನ್ನೂ ಎಳೆದುಕೊಂಡಳು. ಯಂತ್ರ ನಿಂತಿತು. ಕೆಂಪು ದೀಪ ಹೊತ್ತಿತು. ಮೂರು ಸಾವಿರ ಚಿಲ್ಲರೆ ಕಾಗದಗಳು ಇದ್ದಲ್ಲೇ ಇದ್ದವು. ಸ್ವಲ್ಪ ಹೊತ್ತಿಗೆ ಫೋನು ಹೊಡೆದುಕೊಂಡಿತು.

"ಅಕ್ಕಾ, ಒಂದು ಹಾಳೆ ಎರಡು ಸಲ ಕಾಣೆ ಅಂತಿದೆ" ಎಂದ ಸಾಹೇಬ. "ಎಲ್ಲಾದ್ರೂ ಸಿಕ್ಕಿಬಿದ್ದಿದೆಯಾ?"

"ನನ್ನ ಕೈಲಿದೆ."

ಅವನು ದನಿ ತಗ್ಗಿಸಿ ಹೇಳಿದ: "ಅದು ಹೋಗೋ ತನಕ ಬೇರೆ ಯಾವುದೂ ಹೋಗಲ್ಲ. ಗುರುವಾರ, ಶುಕ್ರವಾರದ ಆಪರೇಷನ್ ಕಾಗದಗಳಿವೆ ಅದರ ಹಿಂದೆ. ನಲವತ್ತೊಂದು ಜನ. ಅಂಚೆ ಗಾಡಿ ನಾಲ್ಕಕ್ಕೆ."

"ಲಕೋಟೆ ಆದಮೇಲೆ ತೆಗೆದುಬಿಡ್ತೀನಿ ಕಣೋ."

"ಅಂಟಿದ ಮೇಲೆ ಅದು ಅಂಚೆಯವರದ್ದು. ಎಣಿಸಿ ಸಹಿ ಹಾಕೋದು ನಿಮಗೇ ಗೊತ್ತಲ್ಲ. ಒಂದು ಕಮ್ಮಿ ಬಿತ್ತೋ, ನಾಳೆ ಇನ್ನೊಂದು ಪ್ರತಿ ಹೊರಡುತ್ತೆ, ನಿಮ್ಮ ಕೆಲಸಾನೂ ಹೋಗುತ್ತೆ. ನಾನೇನು ಮಾಡ್ಲಿ ಹೇಳಿ?"

ಮೂರೂಮುಕ್ಕಾಲರ ತನಕ ಅವಳು ಸ್ಟೂಲಿನ ಮೇಲೆ ಕೂತಿದ್ದಳು. ಅತ್ತ ದರಿ, ಇತ್ತ ಪುಲಿ. ಕಡೆಗೆ ಎದ್ದು, ಮುದುರಿದ್ದ ಹಾಳೆಯನ್ನು ಮೇಜಿನ ಮೇಲೆ ಅಂಗೈಯಿಂದ ಉಜ್ಜಿ ನೆಟ್ಟಗೆ ಮಾಡಿ, ತನ್ನ ಕೈಯಾರೆ ಯಂತ್ರದ ಬಾಯಿಗೆ ಕೊಟ್ಟಳು. ಹಸಿರು ದೀಪ ಬಂತು. ಎಲ್ಲವೂ ಸರಸರ ಹೊರಟವು.

ಡ್ರೈವರಿಗೆ ಫೋನು ಮಾಡಿದಳು. ಅವನಿಗೆ ಮರುದಿನ ರಜೆ ಸಿಗಲಿಲ್ಲ. "ನಾನೇ ಹೋಗ್ತೀನಿ, ಅಂಚೆಗಿಂತ ಮುಂಚೆ" ಎಂದಳು. ಅರ್ಧ ದಿನ ರಜೆ ಹಾಕಿ, ಗಡಿಯಾರ ರಿಪೇರಿ ಅಂಗಡಿಯ ಮೇಲಿದ್ದ ಆ ಮನೆಯ ಮೆಟ್ಟಿಲು ಹತ್ತಿದಾಗ ಗಂಟೆ ಹತ್ತೂಮುಕ್ಕಾಲು. ಅಂಚೆಯವನು ಅವತ್ತು ಹತ್ತೂವರೆಗೇ ಬಂದು ಹೋಗಿದ್ದ.

ಬಾಗಿಲು ತೆಗೆದ ಮುದುಕಿ ತಲೆ ಬಾಚಿ, ಇಸ್ತ್ರಿ ಮಾಡಿದ ಬಟ್ಟೆ ಹಾಕಿಕೊಂಡಿದ್ದರು. ಕಾಗದದಕ್ಕನ ಕೊರಳಿನ ಆಸ್ಪತ್ರೆ ಬಿಲ್ಲೆ ಕಂಡದ್ದೇ ಮುಖ ಅರಳಿತು.

"ಮನೆಗೇ ಬಂದುಬಿಟ್ರಾ! ಬನ್ನಿ ಬನ್ನಿ. ನೋಡಿ, ತಪಾಸಣೆಗೆ ತಪ್ಪಿಸ್ಕೊಂಡಿದಾಳಂತೆ. ಚಿಕ್ಕೋಳಿದ್ದಾಗ್ಲೂ ಹಾಗೇ, ಸೂಜಿ ಅಂದ್ರೆ ಮಂಚದ ಕೆಳಗೆ ಇರ್ತಿದ್ಲು." ಕಾಗದವನ್ನು ತೊಡೆಯ ಮೇಲೆ ಹರಡಿಕೊಂಡರು. "ಎಷ್ಟು ಚೆನ್ನಾಗಿ ಬರ್ದಿದೀರಿ. 'ದಯವಿಟ್ಟು ತಪ್ಪದೆ ಬನ್ನಿ.' ಈ ಕಾಲದಲ್ಲಿ ಯಾರು ಇಷ್ಟು ವಿಚಾರಿಸ್ತಾರೆ? ನೀವೇನಾ ಬರೆದಿದ್ದು?"

"ಅಲ್ಲಮ್ಮಾ, ನಾನಲ್ಲ... ಆ ಕಾಗದ ನನ್ನ ಕೈಲಿ ಕೊಡಿ, ನಾನೇ ಡಾಕ್ಟ್ರಿಗೆ ಹೇಳ್ತೀನಿ."

ಮುದುಕಿ ಕೊಟ್ಟರು. ಕಾಗದ ಕೈಗೆ ಬಂದರೂ ಏನೂ ಉಪಯೋಗವಾಗಲಿಲ್ಲ.

"ಅವಳಿಗೊಂದು ಫೋನ್ ಮಾಡ್ತೀನಿ ತಾಳಿ. ನೀವು ಬಂದಿದೀರಿ ಅಂದ್ರೆ ಓಡಿ ಬರ್ತಾಳೆ."

ಬೇಡ ಎನ್ನುವುದರೊಳಗೆ ಬೆರಳುಗಳು ನಂಬರು ಒತ್ತಿಬಿಟ್ಟಿದ್ದವು; ಅದೂ ಮರೆತಿರಲಿಲ್ಲ. ಈ ನಂಬರು ಈಗ ಬಳಕೆಯಲ್ಲಿಲ್ಲ ಎಂದು ಆ ಕಡೆಯಿಂದ ರೆಕಾರ್ಡ್ ಮಾಡಿದ ದನಿ ಕೇಳಿಸಿತು. ಮುದುಕಿ ಶಾಲೆಯ ಹುಡುಗಿಯಂತೆ ವಿನಯದಿಂದ ಪೂರ್ತಿ ಕೇಳಿ, ಫೋನು ಇಳಿಸಿದರು.

"ಯಾರೋ ಹೆಂಗಸು ಎತ್ತಿದ್ಲು. ಇಲ್ಲ ಅಂದ್ಲು." ಮುಖದಲ್ಲಿ ಗಲಿಬಿಲಿ. "ಇಲ್ಲ ಅಂದ್ರೆ ಏನು? ನಿಮಗೇನಾದ್ರೂ ಗೊತ್ತಾ?"

ಡ್ರೈವರ್ ಬರಲು ಇನ್ನೂ ಎರಡು ಗಂಟೆಯಿತ್ತು. ಇನ್ನೊಂದು ಸಲ ನನ್ನ ಕೈಲಾಗಲ್ಲ ಎಂದಿದ್ದ ಅವನ ಮಾತನ್ನು ಕಾಗದದಕ್ಕ ನೆನೆದಳು. ಮುದುಕಿಯ ಪಕ್ಕ ಕೂತು, ಕೈ ಹಿಡಿದುಕೊಂಡು, ಇಂಥ ಮಾತು ಹೇಳಿ ಅಭ್ಯಾಸವಿಲ್ಲದ ನಾಲಿಗೆಯಲ್ಲಿ ಹೇಳಿದಳು. ಹೇಳಿದ್ದು ಎರಡೇ ವಾಕ್ಯ.

ಮುದುಕಿ ಮೊದಲು ಅಳಲಿಲ್ಲ. "ಯಾವತ್ತು?" ಎಂದು ಕೇಳಿದರು. ನಾಲ್ಕೈದು ತಿಂಗಳಾಯಿತು ಎಂದಳು.

"ಅಷ್ಟು ದಿನದಿಂದ ನನಗ್ಯಾಕೆ ಯಾರೂ ಹೇಳ್ಲಿಲ್ಲ?"

ಆಮೇಲೆ ಅಳು ಬಂತು; ಕಾಗದದಕ್ಕ ಹಿಡಿದ ಕೈ ಬಿಡದೆ ಕೂತಳು. ಒಂದೂಕಾಲಿಗೆ ಡ್ರೈವರ್ ಬಂದ. ಮೆಟ್ಟಿಲಲ್ಲೇ ಒಳಗಿನ ಅಳು ಕೇಳಿಸಿರಬೇಕು. ಒಳಗೆ ಬಾರದೆ ಕಡೆಯ ಮೆಟ್ಟಿಲ ಮೇಲೆ ಟೋಪಿ ಹಿಡಿದು ಕೂತುಬಿಟ್ಟ. ಅವಳು ಅವನನ್ನು ದಾಟಿಕೊಂಡೇ ಇಳಿದು ಹೋಗಬೇಕಾಯಿತು. ಮೂರು ಗಂಟೆಗೆ ಕಣ್ಣಿನ ವಿಭಾಗದ ಕಾಗದಗಳಿದ್ದವು.

ಕಂಪನಿಯವರು ಹೆಸರು ಅಳಿಸಿದ್ದು ಎರಡೂವರೆ ತಿಂಗಳ ನಂತರ. ನಡುವೆ ಎರಡು ಕಾಗದ ಹೋದವು. ಒಂದನ್ನು ಡ್ರೈವರ್ ರಜೆ ಹಾಕಿ ಬಾಗಿಲಲ್ಲೇ ಹಿಡಿದ. ಇನ್ನೊಂದು ಹಿಡಿಯಲಾಗಲಿಲ್ಲ. "ಆಯ್ತು ಅಕ್ಕಾ, ಇನ್ನು ಬರಲ್ಲ" ಎಂದು ಸಾಹೇಬ ಖುದ್ದಾಗಿ ಕೆಳಗಿಳಿದು ಬಂದು ಹೇಳಿದ. ಅವಳು ಸಂಜೆ ಡ್ರೈವರಿನ ಮನೆಗೆ ಫೋನು ಮಾಡಿದಳು.

"ದೊಡ್ಡ ಉಪಕಾರ ಆಯ್ತು ಅಕ್ಕಾ" ಎಂದ ಅವನು. ನಾನೇನೂ ಮಾಡಿಲ್ಲ ಎನ್ನಲು ಅವಳು ಬಾಯಿ ತೆರೆಯುವಷ್ಟರಲ್ಲಿ ಹಿಂದಿನಿಂದ ಮುದುಕಿಯ ದನಿ ಬಂತು: "ಯಾರದು ಫೋನು?"

"ಆಸ್ಪತ್ರೆಯಿಂದ, ಅತ್ತೆ" ಎಂದ; ಬಾಯಿ ತಪ್ಪಿ ಬಂದುಬಿಟ್ಟಿತ್ತು.

ಕುರ್ಚಿ ಸರಿದ ಸದ್ದು. "ಏನಂತೆ? ಯಾವಾಗ ಮನೆಗೆ ಕಳಿಸ್ತಾರಂತೆ ಅವಳನ್ನ?"

"ಆಮೇಲೆ ಮಾಡ್ತೀನಿ ಅಕ್ಕಾ" ಎಂದು ಅವನು ಫೋನಿಟ್ಟ. ಆಮೇಲೆ ಅವನು ಮಾಡಲಿಲ್ಲ, ಅವಳೂ ಮಾಡಲಿಲ್ಲ.