ಮಗ್ಗದ ಗುಂಡಿಯ ತೇವ

ತೇವದ ನೆಲ ಸಿಕ್ಕರೆ ನೇಕಾರನಿಗೆ ಹಬ್ಬ. ಕಾಲಿಳಿಬಿಟ್ಟು ಕೂತು ನೇಯುವ ಮಗ್ಗದ ಗುಂಡಿ ತಣ್ಣಗಿದ್ದರೆ ನೂಲಿನ ಎಳೆ ಕಡಿಯುವುದಿಲ್ಲ, ಕೈ ಓಡುತ್ತದೆ. ತಿರುಪ್ಪೂರಿನ ಹೊರಗೆ, ನೊಯ್ಯಲ್ ಹೊಳೆಗೆ ಸೇರುವ ಒಣ ಹಳ್ಳವೊಂದರ ಪಕ್ಕ ಜಾಗ ಕೊಂಡ ಚೆನ್ನಕೇಶವನ್ ಗೋಡೆಗಿಂತ ಮೊದಲು ಗುಂಡಿಯನ್ನೇ ತೋಡಿದ. ತಗ್ಗಿನ ಮೂಲೆಯಲ್ಲಿ ಮೊಣಕಾಲುದ್ದ ಅಗೆಯುವಷ್ಟರಲ್ಲೇ ಮಣ್ಣು ಕೈಗೆ ಅಂಟಿತು. ಅವನಿಗೆ ಹಿಗ್ಗೋ ಹಿಗ್ಗು. ಮನೆ ಇಲ್ಲೇ ಎಂದುಬಿಟ್ಟ.

ಹೆಂಡತಿ ತಂಗಮಣಿಗೆ ಮಾತ್ರ ಒಳಗೊಳಗೇ ಅಳುಕು. ಇರುವುದು ಒಂದೇ ಮಗ್ಗ, ಮನೆಯವರ ಅನ್ನವೆಲ್ಲ ಅದರಿಂದಲೇ. ಅವಳು ಗಂಡನ ಸೋದರತ್ತೆ ಜಾನಮ್ಮನನ್ನು ಕರೆತಂದಳು. ಜಾನಮ್ಮ ಹುಟ್ಟಿ ಬೆಳೆದದ್ದು ಇದೇ ಹಳ್ಳದ ದಂಡೆಯಲ್ಲಿ.

ಜಾನಮ್ಮ ಗುಂಡಿಗೆ ಇಣುಕಿ ನೋಡಿ, ಈ ತೇವ ಹಳ್ಳದ್ದು, ಇಲ್ಲಿ ಮನೆ ಬೇಡ ಎಂದರು. ಚೆನ್ನಕೇಶವನ್ ನಕ್ಕ.

"ನನಗೆ ಬುದ್ಧಿ ಬಂದಾಗಿಂದ ನೋಡ್ತಾ ಇದೀನಿ ಅತ್ತೆ. ಈ ಹಳ್ಳದಾಗೆ ಆಡು ಮೇಯ್ತವೆ, ಅಷ್ಟೇ."

ಜಾನಮ್ಮ ವಾದಕ್ಕೆ ನಿಲ್ಲಲಿಲ್ಲ. ಇಬ್ಬರನ್ನೂ ಹತ್ತಿರದ ಹಳೇ ಕಲ್ಲುಮಂಟಪಕ್ಕೆ ಕರೆದೊಯ್ದು ಕಂಬ ತೋರಿಸಿದರು. ಸೊಂಟದೆತ್ತರಕ್ಕೆ ಸುತ್ತಲೂ ಕೆಸರಿನ ಕಲೆ.

"ನಾನು ಚಿಕ್ಕವಳಿದ್ದಾಗ ನೀರು ಇಲ್ಲಿಗಂಟ ಬಂತು ಕಣಪ್ಪ. ಇಲ್ಲಿ ಮಳೆನೇ ಇಲ್ಲ, ಮೇಲೆ ಬೆಟ್ಟದಾಗೆ ಹುಯ್ದಿತ್ತು. ನಿಮ್ಮ ತಾತನ ಮಗ್ಗದ ಗುಂಡಿ ಪೂರಾ ಕೆಸರು. ಹಾಸಿನ ನೂಲೆಲ್ಲ ಮಗ್ಗದ ಮೇಲೇ ಕೊಳೆತೋಯ್ತು. ಆಮೇಲೆ ಸಾಯೋಗಂಟ ಇನ್ನೊಬ್ಬರ ಮಗ್ಗದಾಗೇ ಕೂಲಿಗೆ ಕೂತರು."

ತಾತ ಕೂಲಿಗೆ ನೇಯುತ್ತಿದ್ದದ್ದು ಚೆನ್ನಕೇಶವನಿಗೆ ಗೊತ್ತಿತ್ತು. ಯಾಕೆಂದು ಯಾರೂ ಹೇಳಿರಲಿಲ್ಲ. ಅವನು ಕಂಬದ ಕಲೆಯ ಮೇಲೆ ಕೈಯಾಡಿಸಿ ನೋಡಿದ. ಆದರೂ ಎಳೆ ಕಡಿಯುವ ಚಿಂತೆ ಬಿಡದೆ, ಜಾಗದ ಎತ್ತರದ ಮೂಲೆಯಲ್ಲಿ, ಮೇಡಿನ ಮೇಲೆ ಕಟ್ಟಿದರೆ ನೆಲ ಒಣಗಲ್ಲವೇ ಎಂದು ಕೇಳಿದ.

"ಗುಂಡಿಗೆ ದಿನಾ ಒಂದು ಕೊಡ ನೀರು ಚಿಮುಕಿಸು. ನೀರನ್ನ ನಾವು ಕರಕೊಂಡು ಬರಬೇಕಪ್ಪ, ಅದಾಗೇ ಬರಬಾರದು," ಎಂದರು ಜಾನಮ್ಮ.

ಮೇಸ್ತ್ರಿ ವೆಲ್ಲಿಂಗಿರಿ ಉದ್ದನೆಯ ರಬ್ಬರ್ ಕೊಳವೆಗೆ ನೀರು ತುಂಬಿ, ಎರಡೂ ತುದಿಯಲ್ಲಿ ನೀರು ಒಂದೇ ಮಟ್ಟಕ್ಕೆ ನಿಲ್ಲುವುದನ್ನು ನೋಡಿಕೊಂಡು, ಕಂಬದ ಕಲೆಯ ಮಟ್ಟವನ್ನು ಜಾಗದವರೆಗೂ ಹಿಡಿದು ತಂದ. ಮೇಡಿನ ಮೂಲೆಯಲ್ಲಿ ಅಡಿಪಾಯ ಎತ್ತರಿಸಿ, ಗುಂಡಿಯ ತಳವೂ ಆ ಮಟ್ಟಕ್ಕಿಂತ ಮೇಲಿರುವಂತೆ ಕಟ್ಟಿದರು. ತಗ್ಗನ್ನು ಮುಚ್ಚಲಿಲ್ಲ, ನೀರಿಗೇ ಬಿಟ್ಟರು. ಚೆನ್ನಕೇಶವನ್ ಮಾತ್ರ ಮೆಟ್ಟಿಲು ಹತ್ತುವಾಗಲೆಲ್ಲ ಗೊಣಗುತ್ತಿದ್ದ.

ಮರುವರ್ಷ ಐಪ್ಪಸಿ ತಿಂಗಳಲ್ಲಿ, ದೀಪಾವಳಿಯ ಹೊತ್ತಿಗೆ, ಒಂದು ಬೆಳಿಗ್ಗೆ ಹಳ್ಳ ಬಂತು. ಆಡು ಮೇಯುವ ಜಾಗವೆಲ್ಲ ಕೆಂಪು ನೀರು. ಅವನು ಮೊದಲು ತೋಡಿದ ಗುಂಡಿ ಎಲ್ಲಿತ್ತೆಂದೇ ತಿಳಿಯಲಿಲ್ಲ. ನೀರು ಮನೆಯ ಕೆಳಮೆಟ್ಟಿಲು ಮುಟ್ಟಿ ನಿಂತಿತು. ತಂಗಮಣಿ ಮಗ್ಗದ ಹಾಸನ್ನು ಮುಟ್ಟಿ ಮುಟ್ಟಿ ನೋಡಿದಳು. ಒಂದೆಳೆಯೂ ನೆನೆದಿರಲಿಲ್ಲ. ಎದೆಯ ಭಾರ ಇಳಿದು ಅವಳು ಅತ್ತೇಬಿಟ್ಟಳು.

ಸಂಜೆಗೆ ನೀರಿಳಿಯಿತು. ಚೆನ್ನಕೇಶವನ್ ಗೊಣಗದೆ ಮೆಟ್ಟಿಲಿಳಿದು, ಕೊಡದಲ್ಲಿ ಬಾವಿ ನೀರು ತಂದು ಗುಂಡಿಗೆ ಚಿಮುಕಿಸಿ, ತನ್ನ ಮಗ್ಗಕ್ಕೆ ಕೂತ.

ಅಣ್ಣಂದಿರೇ, ಅಕ್ಕಂದಿರೇ, ಜಾಗ ಕೊಳ್ಳುವ ಮೊದಲು, ಮನೆ ಕಟ್ಟುವ ಮೊದಲು, ನಿಮ್ಮೂರ ಹಿರಿಯರನ್ನು ಒಂದು ಮಾತು ಕೇಳಿ: ನೀರು ಎಲ್ಲಿಯವರೆಗೆ ಬಂದಿತ್ತು? ಅವರು ತೋರಿಸಿದ ಗುರುತಿಗಿಂತ ಮೇಲೆ ಕಟ್ಟಿ. ಈಗಾಗಲೇ ತಗ್ಗಿನಲ್ಲಿರುವವರು ಮಳೆಗಾಲಕ್ಕೆ ಮುಂಚೆ ನೂಲು, ಅಕ್ಕಿ, ಮನೆಪತ್ರಗಳನ್ನು ಅಟ್ಟಕ್ಕೇರಿಸಿ. ಒಣಗಿದೆಯೆಂದು ಹಳ್ಳವನ್ನು ಮುಚ್ಚಬೇಡಿ.